ಅಳಬೇಡ ಕಣಮ್ಮ: ಒಂದು ಚಿತ್ರದ ಮುಂದೆ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಯಾರೇ ಲಂಡನ್ನಿಗೆ ಬರಲಿ, ಒಂದು ದಿನ ಇಲ್ಲಿನ ಕಲಾ ಸಂಗ್ರಹಾಲಯ ಟೇಟ್ ಬ್ರಿಟನ್‌ಗೆ ಕರೆದುಕೊಂಡು ಹೋಗುವ ಕೆಲಸ ನಮ್ಮ ಮನೆಯಲ್ಲಿ ನನ್ನದೇ. ಟರ್ನರನ ಸಮುದ್ರ, ಬಿರುಗಾಳಿ ನೋಡಿ ಯಾರೂ ಏನೂ ಕೇಳುವುದಿಲ್ಲ. 'ಚೆನ್ನಾಗಿದೆ' ಅಂತ ಮುಂದಕ್ಕೆ ಹೋಗುತ್ತಾರೆ. ಕ್ರಿಸ್ ಒಫೀಲಿಯ 'ನೋ ವುಮನ್, ನೋ ಕ್ರೈ' ಎದುರಾದರೆ ಮಾತ್ರ ಕಾಲು ನಿಲ್ಲುತ್ತದೆ, ಬಾಯಿ ಶುರುವಾಗುತ್ತದೆ. ವಾಪಸ್ ಹೋದ ಮೇಲೂ ವಾಟ್ಸಾಪ್‌ನಲ್ಲಿ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿ ಎಲ್ಲ ಒಂದೇ ಕಡೆ ಇಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ನಾನು ಚಿತ್ರಕಾರನಲ್ಲ, ನೋಡುವವನು ಅಷ್ಟೇ.

## ಮೊದಲ ನೋಟಕ್ಕೆ

ಇದ್ಯಾರ ಚಿತ್ರ? ಯಾವಾಗಿಂದು?

ಬರೆದವರು ಕ್ರಿಸ್ ಒಫೀಲಿ, 1998ರಲ್ಲಿ. ಅವರು ಹುಟ್ಟಿದ್ದು 1968ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ. ಅಪ್ಪ ಅಮ್ಮ ನೈಜೀರಿಯಾದವರು. ಓದಿದ್ದು ಲಂಡನ್ನಿನ ಚೆಲ್ಸಿ ಕಲಾಶಾಲೆ ಮತ್ತು ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ. ಈ ಚಿತ್ರ ಬರೆದ ವರ್ಷವೇ ಅವರಿಗೆ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದ ಅವರು. ಮರುವರ್ಷ ಟೇಟ್ ಈ ಚಿತ್ರವನ್ನು ಕೊಂಡುಕೊಂಡಿತು.

ಮೊಬೈಲಿನಲ್ಲಿ ನೋಡಿದವರಿಗೆ ಅಳತೆ ಗೊತ್ತಾಗುವುದಿಲ್ಲ. ಎತ್ತರ ಹತ್ತಿರ ಹತ್ತಿರ 244 ಸೆಂಟಿಮೀಟರ್, ಅಗಲ 183. ಅಂದರೆ ಎಂಟಡಿ, ಆರಡಿ. ನಮ್ಮ ಮನೆಯ ಬಾಗಿಲಲ್ಲಿ ಇದು ನೆಟ್ಟಗೆ ಒಳಗೆ ಬರುವುದಿಲ್ಲ. ಅಷ್ಟು ದೊಡ್ಡದರಲ್ಲಿ ಒಬ್ಬಳೇ ಹೆಂಗಸು. ಒಂದು ಮಗ್ಗುಲಿನಿಂದ ಕಾಣುತ್ತಾಳೆ. ಹೆಣೆದ ಕೂದಲು, ಮುಚ್ಚಿದ ಕಣ್ಣು, ಕೆನ್ನೆ ಮೇಲೆ ಸಾಲಾಗಿ ಇಳಿಯುವ ದಪ್ಪ ಹನಿಗಳು. ಕೊರಳಲ್ಲಿ ಸರ, ಅದಕ್ಕೊಂದು ಉಂಡೆಯಂಥ ಪದಕ. ಹಿಂದೆಲ್ಲ ಹಳದಿ.

ಗೋಡೆಗೆ ನೇತು ಹಾಕಿಲ್ವಲ್ಲ, ಇನ್ನೂ ಜೋಡಿಸ್ತಿದ್ದಾರಾ?

ಇಲ್ಲ, ಹೀಗೇ ಇಡುವುದು. ಚಿತ್ರ ಎರಡು ಉಂಡೆಗಳ ಮೇಲೆ ನಿಂತು ಗೋಡೆಗೆ ಒರಗಿದೆ. ಆ ಕಾಲದ ಒಫೀಲಿಯ ದೊಡ್ಡ ಚಿತ್ರಗಳೆಲ್ಲ ಹೀಗೇ ನೆಲಕ್ಕೆ ಕಾಲೂರಿ ನಿಲ್ಲುತ್ತಿದ್ದವು. ಸ್ವಲ್ಪ ಬಗ್ಗಿ ನೋಡಿ. ಉಂಡೆಗಳ ಮೇಲೆ ಬಣ್ಣದ ತಲೆಯ ಪಿನ್ನು ಚುಚ್ಚಿ ಚಿತ್ರದ ಹೆಸರು ಬರೆದಿದ್ದಾರೆ. ಭೂಪಟದ ಮೇಲೆ ಊರು ಗುರುತಿಸಲು ಚುಚ್ಚುತ್ತಾರಲ್ಲ, ಆ ಪಿನ್ನುಗಳು.

ಅದು ನಿಜವಾಗ್ಲೂ ಆನೆ ಲದ್ದಿನಾ? ಸುಮ್ನೆ ಹೇಳ್ತಿದ್ದೀಯಾ?

ನಿಜವಾದ ಲದ್ದಿಯೇ. ಕಾಲಿನ ಎರಡು ಉಂಡೆ, ಕೊರಳಿನ ಪದಕ, ಮೂರೂ ಅದೇ. ಒಫೀಲಿ 1992ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಜಿಂಬಾಬ್ವೆಗೆ ಹೋಗಿದ್ದರು. ಲದ್ದಿ ಅವರ ಕಣ್ಣಿಗೆ ಬಿದ್ದದ್ದು ಅಲ್ಲಿ. ಆಮೇಲೆ ಬೇಕಾದದ್ದನ್ನು ಲಂಡನ್ ಮೃಗಾಲಯದಿಂದ ತರುತ್ತಿದ್ದರು. 1993ರಲ್ಲಿ ಬರ್ಲಿನ್‌ನಲ್ಲಿ, ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ಬೀದಿ ವ್ಯಾಪಾರಿಯ ಹಾಗೆ ಲದ್ದಿ ಉಂಡೆಗಳನ್ನು ಹರಡಿಕೊಂಡು ಕೂತಿದ್ದೂ ಉಂಟು.

ಮೈಸೂರಿನ ನಮ್ಮ ಅತ್ತೆಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. 'ದಸರಾ ಆನೆ ಹೋದ ಮೇಲೆ ಬಿಸಿ ಲದ್ದಿ ತುಳೀರಿ ಅಂತ ನಮ್ಮನ್ನ ಕಳಿಸ್ತಿದ್ರು' ಅಂದರು. ಪಕ್ಕದಲ್ಲಿದ್ದ ಇಂಗ್ಲಿಷ್ ದಂಪತಿಗೆ ಅದನ್ನು ಅನುವಾದ ಮಾಡಿ ಹೇಳುವ ಧೈರ್ಯ ನನಗಾಗಲಿಲ್ಲ.

ವಾಸನೆ ಬರಲ್ವಾ? ಹುಳ ಹಿಡಿಯಲ್ವಾ?

ಇಲ್ಲ. ಚೆನ್ನಾಗಿ ಒಣಗಿಸಿ, ಕೆಡದ ಹಾಗೆ ಸಂಸ್ಕರಿಸಿ, ಮೇಲೆ ಲೇಪ ಕೊಟ್ಟಿದ್ದಾರೆ. ಆನೆ ತಿಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಜೀರ್ಣವಾಗದೆ ಹೊರಗೆ ಬರುತ್ತದೆ. ಹಾಗಾಗಿ ಒಣಗಿದ ಲದ್ದಿ ಅಂದರೆ ಬಹುಪಾಲು ಹುಲ್ಲಿನ ನಾರು.

'ಹೆಂಗಸಿಲ್ಲ, ಅಳುವಿಲ್ಲ'. ಇದೆಂಥ ಹೆಸರು ಮಾರಾಯ? ಹೆಂಡತಿ ಇಲ್ಲದಿದ್ರೆ ಗೋಳಿಲ್ಲ ಅಂತಲಾ?

ಈ ಜೋಕು ಪ್ರತಿ ಗುಂಪಿನಲ್ಲೂ ಒಬ್ಬ ಗಂಡಸಾದರೂ ಮಾಡುತ್ತಾನೆ. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಅರ್ಥ ಅದಲ್ಲ. ಹೆಸರು ಬಾಬ್ ಮಾರ್ಲಿ ಹಾಡಿನಿಂದ ಬಂದದ್ದು, ಮಾತು ಜಮೈಕಾದ್ದು. ಅಲ್ಲಿನ ಆಡುಮಾತಿನಲ್ಲಿ ಎರಡನೇ 'ನೋ' ಅಂದರೆ 'ಬೇಡ'. 'ಬೇಡ ಕಣಮ್ಮ, ಅಳಬೇಡ' ಅಂತ ಸಮಾಧಾನ ಮಾಡುವ ಮಾತು ಅದು. ಅಳುತ್ತಿರುವ ಒಬ್ಬ ತಾಯಿಯ ಕಾಲ ಕೆಳಗೆ ಈ ಮಾತನ್ನು ಪಿನ್ನು ಚುಚ್ಚಿ ಬರೆದಿದ್ದಾರೆ ಅಂತ ತಿಳಿದ ಮೇಲೆ ಆ ಜೋಕು ಯಾರ ಬಾಯಲ್ಲೂ ಮತ್ತೆ ಬರುವುದಿಲ್ಲ.

## ಕಣ್ಣೀರಿನ ಹತ್ತಿರ ಹೋದವರಿಗೆ

ಒಂದೊಂದು ಹನಿಯೊಳಗೂ ಯಾರದೋ ಮುಖ ಇದೆಯಲ್ಲ, ಯಾರು ಆ ಹುಡುಗ?

ಇದನ್ನು ಮೊದಲು ಕಂಡುಹಿಡಿಯುವುದು ಯಾವಾಗಲೂ ಮಕ್ಕಳು. ದೊಡ್ಡವರು ಇನ್ನೂ ಲದ್ದಿಯ ಹತ್ತಿರವೇ ಇರುತ್ತಾರೆ.

ಆ ಹುಡುಗ ಸ್ಟೀಫನ್ ಲಾರೆನ್ಸ್. 1974ರಲ್ಲಿ ಹುಟ್ಟಿದವನು, ಆರ್ಕಿಟೆಕ್ಟ್ ಆಗಬೇಕು ಅಂದುಕೊಂಡಿದ್ದವನು. 1993ರ ಏಪ್ರಿಲ್ 22ರ ರಾತ್ರಿ ಆಗ್ನೇಯ ಲಂಡನ್ನಿನ ಎಲ್ಥಮ್‌ನಲ್ಲಿ ಗೆಳೆಯನ ಜೊತೆ ಬಸ್ಸಿಗೆ ಕಾಯುತ್ತಿದ್ದ. ಬಿಳಿಯ ಹುಡುಗರ ಗುಂಪೊಂದು ಬಂದು ಅವನನ್ನು ಇರಿದು ಕೊಂದಿತು. ಜಗಳ ಇಲ್ಲ, ದುಡ್ಡು ಕಿತ್ತುಕೊಳ್ಳುವ ಉದ್ದೇಶವೂ ಇಲ್ಲ. ಅವನ ಚರ್ಮದ ಬಣ್ಣ, ಅಷ್ಟೇ ಕಾರಣ. ವಯಸ್ಸು 18.

ಕೊಂದವರು ಯಾರು ಅಂತ ಕೆಲವೇ ದಿನಗಳಲ್ಲಿ ಪೊಲೀಸರಿಗೆ ಹೆಸರು ಸಮೇತ ಸುಳಿವು ಸಿಕ್ಕಿತ್ತು. ಆದರೂ ಬಂಧಿಸಲು ತಡ ಮಾಡಿದರು, ಕೇಸು ಬಿದ್ದುಹೋಯಿತು. 1996ರಲ್ಲಿ ಅಪ್ಪ ಅಮ್ಮ ತಾವೇ ಹೂಡಿದ ಖಾಸಗಿ ಮೊಕದ್ದಮೆಯೂ ನಿಲ್ಲಲಿಲ್ಲ. ಕೊನೆಗೆ ಸರ್ಕಾರ ಸಾರ್ವಜನಿಕ ವಿಚಾರಣೆ ನಡೆಸಬೇಕಾಯಿತು. 1999ರ ಫೆಬ್ರವರಿಯಲ್ಲಿ ಬಂದ ಮ್ಯಾಕ್ಫರ್ಸನ್ ವರದಿ, ಲಂಡನ್ ಪೊಲೀಸ್ ವ್ಯವಸ್ಥೆಯ ಒಳಗೇ ಜನಾಂಗ ತಾರತಮ್ಯ ಬೇರು ಬಿಟ್ಟಿದೆ ಅಂತ ಹೇಳಿತು. ಇಬ್ಬರಿಗೆ ಶಿಕ್ಷೆ ಆದದ್ದು 2012ರಲ್ಲಿ, ಅಂದರೆ ಕೊಲೆಯಾಗಿ ಹತ್ತೊಂಬತ್ತನೇ ವರ್ಷಕ್ಕೆ.

ಚಿತ್ರ ಬರೆದದ್ದು ವಿಚಾರಣೆ ನಡೆಯುತ್ತಿದ್ದ ವರ್ಷ ಅನ್ನುವುದನ್ನು ನೆನಪಿಡಿ. ವರದಿ ಇನ್ನೂ ಬಂದಿರಲಿಲ್ಲ, ಶಿಕ್ಷೆಯಂತೂ ದೂರದ ಮಾತು. ಆಗ ಇದ್ದದ್ದು ದಿನಾ ಟಿವಿಯಲ್ಲಿ ಕಾಣುತ್ತಿದ್ದ ಆ ತಾಯಿಯ ಮುಖ.

ಹಾಗಾದ್ರೆ ಈಕೆ ಆ ತಾಯಿನಾ? ಹೋಲಿಕೆ ಇದೆಯಾ?

ಹೋಲಿಕೆ ಹುಡುಕಬೇಡಿ, ಸಿಗುವುದಿಲ್ಲ. ಸ್ಟೀಫನ್‌ನ ತಾಯಿ ಡೊರೀನ್ ಲಾರೆನ್ಸ್. ಜಮೈಕಾದಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಬಂದವರು. ಮಗನನ್ನು ಮಣ್ಣು ಮಾಡಿದ್ದೂ ಜಮೈಕಾದಲ್ಲೇ. ಹಾಗಾಗಿ ಜಮೈಕಾದ ಹಾಡಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಚಿತ್ರಕ್ಕೆ ಕಾರಣ ಆಕೆಯೇ. ಆದರೆ ಮುಖ ಆಕೆಯದಲ್ಲ. ಯಾವ ದುಃಖಿತ ಹೆಂಗಸೂ ಆಗಬಹುದಾದ ಹಾಗೆ ಬರೆಯುವುದು ಒಫೀಲಿಯ ಉದ್ದೇಶವಾಗಿತ್ತು.

ನನಗೆ ಇದು ಮರ್ಯಾದೆಯ ಕೆಲಸ ಅನಿಸುತ್ತದೆ. ಕ್ಯಾಮೆರಾಗಳು ಆಗಲೇ ಆಕೆಯ ಮುಖವನ್ನು ಬೇಕಾದಷ್ಟು ಬಳಸಿಕೊಂಡಿದ್ದವು. ಇಲ್ಲಿ ಆಕೆ ಕಣ್ಣು ಮುಚ್ಚಿದ್ದಾಳೆ, ನಮ್ಮ ಕಡೆ ತಿರುಗಿಯೂ ಇಲ್ಲ. ಡೊರೀನ್ 2013ರಲ್ಲಿ ಬ್ರಿಟನ್ನಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನ ಸದಸ್ಯೆಯಾದರು.

ದೀಪ ಆರಿಸಿದ್ರೆ ಅಕ್ಷರ ಕಾಣುತ್ತಂತೆ, ಹೌದಾ?

ಹೌದು. ಬಣ್ಣದ ಪದರಗಳ ಅಡಿಯಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣದಿಂದ ಸ್ಟೀಫನ್‌ನ ಹೆಸರು, 1974 ಮತ್ತು 1993 ಅನ್ನುವ ಇಸವಿಗಳು, ಆತ್ಮಕ್ಕೆ ಶಾಂತಿ ಸಿಗಲಿ ಅನ್ನುವ ಇಂಗ್ಲಿಷಿನ ಮೂರಕ್ಷರ, ಇಷ್ಟು ಬರೆದಿದೆ. ಹಗಲಿನ ಬೆಳಕಿನಲ್ಲಿ ಹುಡುಕಿ ನೋಡಿದರೆ ಮಸುಕಾಗಿ ಅಂದಾಜು ಸಿಗುತ್ತದೆ. ನೋಡುವವರೆಲ್ಲ ಮನೆಗೆ ಹೋಗಿ, ಕಾವಲಿನವರು ದೀಪ ಆರಿಸಿದ ಮೇಲೆ ಆ ಹೆಸರು ಒಂದಷ್ಟು ಹೊತ್ತು ತಾನೇ ಹೊಳೆಯುತ್ತಿರುತ್ತದೆ ಅನ್ನುವುದನ್ನು ನೆನೆದರೆ ನನಗೆ ಹೇಗೋ ಆಗುತ್ತದೆ.

ಸತ್ತ ಮಗನ ನೆನಪಿನ ಚಿತ್ರಕ್ಕೆ ಲದ್ದಿ ಹಚ್ಚೋದು ಅವಮಾನ ಅಲ್ವಾ?

ಇದನ್ನು ಕೇಳಿದವರು ಇಬ್ಬರು, ಇಬ್ಬರೂ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರು. ಹಳ್ಳಿಯಿಂದ ಬಂದವರು ಯಾರೂ ಕೇಳಿಲ್ಲ. ಅಂಗಳ ಸಾರಿಸಿದ ಕೈ, ಬೆರಣಿ ತಟ್ಟಿದ ಕೈ ಈ ಪ್ರಶ್ನೆ ಕೇಳುವುದಿಲ್ಲ. ಸಗಣಿಯ ಮುದ್ದೆಗೆ ಗರಿಕೆ ಸಿಕ್ಕಿಸಿದರೆ ನಮಗೆ ಅದು ಬೆನಕ. ದೀಪಾವಳಿಯಲ್ಲಿ ಉತ್ತರ ಕರ್ನಾಟಕದ ಮನೆಗಳ ಮುಂದೆ ಸಗಣಿಯ ಪಾಂಡವರು ಕೂರುತ್ತಾರೆ. ನಮ್ಮ ಕಣ್ಣಿಗೆ ಅದು ಹೊಲಸು ಅಲ್ಲ.

ಆದರೆ ನಾವು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 'ಓ, ಒಫೀಲಿಗೂ ಇದು ಪವಿತ್ರ' ಅಂತ ಹಿಗ್ಗಿಬಿಟ್ಟರೆ ಅದೂ ತಪ್ಪೇ. ಅವರು ಮ್ಯಾಂಚೆಸ್ಟರ್‌ನಲ್ಲಿ ಕ್ಯಾಥೊಲಿಕ್ ಆಗಿ ಬೆಳೆದವರು. ಇಂಗ್ಲೆಂಡಿನಲ್ಲಿ ಲದ್ದಿ ಅಂದರೆ ಬೈಗುಳ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಫ್ರಿಕಾ ಅಂದ ಕೂಡಲೇ ಆನೆ, ಕಾಡು ಅಂತ ನೆನೆಯುವವರ ಮುಖಕ್ಕೆ ಹಿಡಿದ ತಮಾಷೆಯೂ ಅದರಲ್ಲಿದೆ. ಅದೇ ವಸ್ತುವನ್ನು ಬೇರೆ ಚಿತ್ರಗಳಲ್ಲಿ ಅವರು ಕೀಟಲೆಗೆ ಬಳಸಿದ್ದಾರೆ. ಇಲ್ಲಿ ಮಾತ್ರ ಅದು ಒಬ್ಬ ತಾಯಿಯ ಕೊರಳಿಗೆ ಬಂದು ಒಡವೆಯಾಗಿದೆ, ಕೆಳಗೆ ಕುಳಿತು ಇಡೀ ಚಿತ್ರದ ಭಾರ ಹೊತ್ತಿದೆ. ಲದ್ದಿಗೆ ಅರ್ಥ ಬರುವುದು ಅದನ್ನು ಎಲ್ಲಿ ಇಟ್ಟಿದ್ದಾರೆ ಅನ್ನುವುದರಿಂದ.

ನಮ್ಮ ಕಡೆಯ ಒಂದು ಹೆಸರನ್ನು ಇಲ್ಲಿ ಹೇಳಲೇಬೇಕು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಒಫೀಲಿಗಿಂತ ಕೆಲವು ವರ್ಷ ಮೊದಲೇ ಅದೇ ರಾಯಲ್ ಕಾಲೇಜಿನಲ್ಲಿ ಓದಿದವರು. ತೈಲಚಿತ್ರ ಬರೆಯುತ್ತಿದ್ದ ಅವರು 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಕೋಮು ಹಿಂಸೆ ಹೊತ್ತಿ ಉರಿದ ಹೊತ್ತಿನಲ್ಲಿ, ಸಗಣಿಯಲ್ಲಿ ಕೆಲಸ ಮಾಡತೊಡಗಿದರು. ಒಬ್ಬರದು ಲಂಡನ್, ಇನ್ನೊಬ್ಬರದು ಬೆಂಗಳೂರು. ಒಬ್ಬರ ಊರಲ್ಲಿ ಅದು ಹೊಲಸು, ಇನ್ನೊಬ್ಬರ ಊರಲ್ಲಿ ಮನೆ ಸಾರಿಸುವ ವಸ್ತು. ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಇಬ್ಬರೂ ಕೈ ಚಾಚಿದ್ದು ಅದರ ಕಡೆಗೇ. ಯಾರಾದರೂ ಇವರಿಬ್ಬರ ಕೆಲಸವನ್ನು ಒಂದೇ ಕೋಣೆಯಲ್ಲಿ ಇಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

## ಚಿತ್ರಕಲೆ ಕಲಿಯುವವರು ಕೇಳುವುದು

ಮಿಕ್ಸೆಡ್ ಮೀಡಿಯಾ ಅಂದ್ರೆ ಸರಿಯಾಗಿ ಏನು? ಇದರಲ್ಲಿ ಏನೇನಿದೆ?

ಒಂದೇ ಚಿತ್ರದಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ವಸ್ತು ಬಳಸಿದರೆ ಅದು ಮಿಶ್ರ ಮಾಧ್ಯಮ. ಇಲ್ಲಿ ತೈಲವರ್ಣ, ಅಕ್ರಿಲಿಕ್, ಪೆನ್ಸಿಲಿನ ಗ್ರಾಫೈಟ್, ಪಾಲಿಯೆಸ್ಟರ್ ರೆಸಿನ್, ಮುದ್ರಿತ ಕಾಗದ, ಗ್ಲಿಟರ್, ಪಿನ್ನು, ಲದ್ದಿ, ಇಷ್ಟೂ ಕ್ಯಾನ್ವಾಸಿನ ಮೇಲಿವೆ. ರೆಸಿನ್ ಅಂದರೆ ಸುರಿದಾಗ ಜೇನಿನ ಹಾಗೆ ಹರಿದು, ಆಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ. ಅದರಿಂದಾಗಿ ಒಂದು ಪದರ ಇನ್ನೊಂದರ ಒಳಗೆ ಮುಳುಗಿದ ಹಾಗೆ ಕಾಣುತ್ತದೆ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಬೆಳಕು ಒಂದೊಂದು ಪದರಕ್ಕೂ ಬೇರೆ ಬೇರೆಯಾಗಿ ಬೀಳುವುದು ಗೊತ್ತಾಗುತ್ತದೆ. ಫೋಟೋದಲ್ಲಿ ಇದು ಸತ್ತೇ ಹೋಗುತ್ತದೆ.

ಯುರೋಪಿನ ಆಧುನಿಕ ಕಲೆಯಲ್ಲಿ ಈ ದಾರಿಗೆ 1912 ದೊಡ್ಡ ಗುರುತು. ಆ ವರ್ಷ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಮೇಣಬಟ್ಟೆಯನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗದ ಚೌಕಟ್ಟು ಕಟ್ಟಿದ. ಆದರೆ ಬಣ್ಣದ ಜೊತೆ ಬೇರೆ ವಸ್ತು ಸೇರಿಸುವುದು ನಮಗೇನು ಹೊಸದು? ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೊ ಕೆಲಸದಿಂದ, ಅಂದರೆ ಅಂಟು ಮತ್ತು ಬಿಳಿ ಪುಡಿ ಕಲಸಿದ ದಪ್ಪ ಲೇಪದಿಂದ, ಒಡವೆ, ಪ್ರಭಾವಳಿ ಉಬ್ಬಿಸಿ ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ಅದನ್ನು ಯಾರೂ ಮಿಕ್ಸೆಡ್ ಮೀಡಿಯಾ ಅಂತ ಕರೆಯಲಿಲ್ಲ, ಅಷ್ಟೇ.

ಇದು ಆಕೃತಿ ಚಿತ್ರಾನಾ, ಅಮೂರ್ತಾನಾ? ಯಾವುದಾದ್ರೂ ಒಂದು ಕಡೆ ನಿಲ್ಲಬಾರದಾ?

ನಡೆದು ನೋಡಿ, ಉತ್ತರ ಸಿಗುತ್ತದೆ. ಹದಿನೈದು ಹೆಜ್ಜೆ ದೂರದಲ್ಲಿ ಇದು ಹೆಂಗಸಿನ ಚಿತ್ರ, ಅನುಮಾನವೇ ಇಲ್ಲ. ಮೂರು ಹೆಜ್ಜೆಗೆ ಬಂದರೆ ಹೆಂಗಸು ಕರಗಿ ಚುಕ್ಕಿ, ಗೆರೆ, ಹೊಳಪು ಮಾತ್ರ ಉಳಿಯುತ್ತದೆ. ಹಿನ್ನೆಲೆಯಲ್ಲಿ ಕೋಣೆ ಇಲ್ಲ, ಕುರ್ಚಿ ಇಲ್ಲ, ಕಿಟಕಿ ಇಲ್ಲ. ಹಳದಿಯ ಮೇಲೆ ಜಾಲರಿಯಂಥ ಗೆರೆಗಳು, ಅಷ್ಟೇ. ಆಕೆ ಎಲ್ಲಿ ಕೂತಿದ್ದಾಳೆ, ಹಗಲೋ ರಾತ್ರಿಯೋ, ಏನೂ ಹೇಳುವ ಹಾಗಿಲ್ಲ. ಇನ್ನೂ ಮುಂದಕ್ಕೆ, ಒಂದು ಹನಿಗೆ ಕಣ್ಣಿಟ್ಟರೆ, ಮತ್ತೆ ಮುಖ. ಈ ಸಲ ನಿಜವಾದ ಮುಖ, ಅಚ್ಚಾದ ಫೋಟೋ.

ನನ್ನ ಪ್ರಕಾರ ಚಿತ್ರದ ಗುಟ್ಟು ಇಲ್ಲಿದೆ. ದೊಡ್ಡದಾಗಿ ಕಾಣುವ ಹೆಂಗಸು ಕಲ್ಪನೆಯವಳು. ಬೆರಳಷ್ಟಿರುವ ಹುಡುಗ ನಿಜ. ಪೂರ್ತಿ ಆಕೃತಿಯಾಗಿ ಬರೆದಿದ್ದರೆ ಇದು ಟಿವಿ ಸುದ್ದಿಯ ಒಂದು ದೃಶ್ಯವಾಗುತ್ತಿತ್ತು. ಪೂರ್ತಿ ಅಮೂರ್ತವಾಗಿದ್ದರೆ ಸ್ಟೀಫನ್‌ಗೆ ಇದರಲ್ಲಿ ಜಾಗವೇ ಇರುತ್ತಿರಲಿಲ್ಲ.

ಹೀಗೆ ಎರಡರ ನಡುವೆ ನಿಂತವರು ಹಿಂದೆಯೂ ಇದ್ದರು. 1950ರಲ್ಲಿ ನ್ಯೂಯಾರ್ಕಿನ ವಿಲೆಮ್ ಡಿ ಕೂನಿಂಗ್, ಬಣ್ಣದ ಗೀಚಿನಲ್ಲಿ ಅರ್ಧ ಮುಳುಗಿದ ಒಂದು ಹೆಣ್ಣಿನ ಚಿತ್ರಕ್ಕೆ ಸಿಗರೇಟ್ ಜಾಹೀರಾತಿನಿಂದ ಕತ್ತರಿಸಿದ ಬಾಯನ್ನು ಅಂಟಿಸಿದ್ದ. ಅಲ್ಲಿ ಅಂಟಿಸಿದ ಕಾಗದ ನಗುತ್ತದೆ.

ಆ ಚುಕ್ಕಿಗಳು ನಮ್ಮ ರಂಗೋಲಿ ಥರಾನೇ ಇವೆ. ಎಲ್ಲಿಂದ ತಗೊಂಡ್ರು?

ರಂಗೋಲಿಯಿಂದಲ್ಲ. ಜಿಂಬಾಬ್ವೆ ಪ್ರವಾಸದಲ್ಲಿ ಮಾಟೋಬೊ ಬೆಟ್ಟಗಳ ಗುಹೆಗಳಲ್ಲಿ ಹಳೆಯ ಬಂಡೆಚಿತ್ರ ನೋಡಿದ್ದರು. ಅಲ್ಲಿನ ಚುಕ್ಕಿಗಳು ಅವರ ಕೈಗೆ ಅಂಟಿಕೊಂಡವು. ರಂಗೋಲಿಯಲ್ಲಿ ಚುಕ್ಕಿ ಮೊದಲು, ಎಳೆ ಆಮೇಲೆ. ಎಳೆ ಬಂದ ಮೇಲೆ ಚುಕ್ಕಿಯನ್ನು ಯಾರೂ ಎಣಿಸುವುದಿಲ್ಲ. ಒಫೀಲಿಯಲ್ಲಿ ಉಲ್ಟಾ. ಆಕಾರ ಬಂದ ಮೇಲೆ ಅದರ ಮೇಲೆ ಸಾಲು ಸಾಲಾಗಿ ಚುಕ್ಕಿ ಕೂರಿಸುತ್ತಾರೆ.

ನ್ಯೂಯಾರ್ಕಲ್ಲಿ ಗಲಾಟೆ ಆಗಿದ್ದು ಇದೇ ಚಿತ್ರಕ್ಕಾ?

ಅಲ್ಲ, ಅದು ಇದೇ ಕಲಾವಿದರ 1996ರ 'ದಿ ಹೋಲಿ ವರ್ಜಿನ್ ಮೇರಿ'. ಕಪ್ಪು ಮೇರಿ, ಒಂದು ಸ್ತನ ಲದ್ದಿಯದು, ಸುತ್ತ ಅಶ್ಲೀಲ ಪತ್ರಿಕೆಗಳಿಂದ ಕತ್ತರಿಸಿದ ತುಣುಕುಗಳು. 1999ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಇಟ್ಟಾಗ ಮೇಯರ್ ರೂಡಿ ಜೂಲಿಯಾನಿ ಸಿಟ್ಟಾಗಿ, ಮ್ಯೂಸಿಯಂಗೆ ನಗರ ಕೊಡುತ್ತಿದ್ದ ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್ ಅನುದಾನ ನಿಲ್ಲಿಸಲು ಹೊರಟರು. ಕೋರ್ಟು ಮ್ಯೂಸಿಯಂ ಪರ ನಿಂತಿತು. ಡಿಸೆಂಬರಿನಲ್ಲಿ 72 ವರ್ಷದ ಒಬ್ಬ ಅಜ್ಜ ಬಂದು ಚಿತ್ರಕ್ಕೆ ಬಿಳಿ ಬಣ್ಣ ಬಳಿದ. ತಕ್ಷಣ ಒರೆಸಿ ಸರಿ ಮಾಡಿದರು. 2015ರಲ್ಲಿ ಆ ಚಿತ್ರ ಸುಮಾರು 29 ಲಕ್ಷ ಪೌಂಡಿಗೆ ಹರಾಜಾಯಿತು, ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಮೋಮಾದಲ್ಲಿದೆ.

ಲಂಡನ್ನಿನಲ್ಲೂ ಸ್ವಲ್ಪ ನಾಟಕ ನಡೆದಿತ್ತು. ಟರ್ನರ್ ಪ್ರಶಸ್ತಿಯ ಹೊತ್ತಿನಲ್ಲಿ ಒಬ್ಬರು ಸಿಟ್ಟಿನಿಂದ ಟೇಟ್‌ನ ಮೆಟ್ಟಿಲ ಮೇಲೆ ಸಗಣಿ ಸುರಿದು ಹೋದರು. ನಮ್ಮ ಅತ್ತೆ ಇದನ್ನು ಕೇಳಿ, 'ಸಾರಿಸಿ ಹೋಗಿದ್ರೆ ಆಗ್ತಿತ್ತು' ಅಂದರು.

ನಾನೂ ರೆಸಿನ್, ಕಾಗದ ಎಲ್ಲ ಸೇರಿಸಿ ದೊಡ್ಡ ಚಿತ್ರ ಮಾಡ್ಬೇಕು ಅಂತಿದ್ದೀನಿ ಮಾಮ. ಏನು ಎಚ್ಚರ ವಹಿಸಬೇಕು?

ನಮ್ಮಕ್ಕನ ಮಗಳ ಪ್ರಶ್ನೆ. ಬಲ್ಲವರನ್ನು ಕೇಳಿ ಬರೆದ ಉತ್ತರ ಇದು. ಅಕ್ರಿಲಿಕ್ ಕೆಳಗೆ, ತೈಲ ಮೇಲೆ. ತಿರುಗಾಮುರುಗ ಮಾಡಬೇಡ. ತೈಲವರ್ಣ ನಿಧಾನಕ್ಕೆ ಒಣಗುತ್ತದೆ, ಜಿಡ್ಡಿನ ಮೇಲೆ ಅಕ್ರಿಲಿಕ್ ಹಿಡಿಯದೆ ಮುಂದೆ ಪದರ ಏಳುತ್ತದೆ. ಕಾಗದದ ಎರಡೂ ಕಡೆ ಅಂಟು ಹಚ್ಚಿ ಮುಚ್ಚದಿದ್ದರೆ ರೆಸಿನ್ ಹೀರಿಕೊಂಡು ಎಣ್ಣೆ ಬಿದ್ದ ಬಜ್ಜಿ ಪೇಪರಿನ ಹಾಗಾಗುತ್ತದೆ. ಪಾಲಿಯೆಸ್ಟರ್ ರೆಸಿನ್ ವರ್ಷಗಳು ಕಳೆದ ಹಾಗೆ ಹಳದಿಗೆ ತಿರುಗುತ್ತದೆ, ಆದ್ದರಿಂದ ಬಿಳಿಯ ಜಾಗ ಬಿಳಿಯಾಗೇ ಇರುತ್ತದೆ ಅಂತ ನಂಬಬೇಡ. ಎಲ್ಲಕ್ಕಿಂತ ಮುಖ್ಯ, ಅದರಿಂದ ಏಳುವ ಸ್ಟೈರೀನ್ ಆವಿ ಒಳ್ಳೆಯದಲ್ಲ. ಧೂಳಿಗೆ ಹಾಕುವ ಬಟ್ಟೆ ಮಾಸ್ಕ್ ಅದಕ್ಕೆ ಸಾಲದು, ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕೇ ಬೇಕು. ಕೈಗವಸು ಹಾಕಿಕೋ, ಅಡುಗೆಮನೆಯಲ್ಲಿ ಮಾಡಬೇಡ, ತಾರಸಿಗೆ ಹೋಗು.

ಮುಂದಿನ ತಿಂಗಳು ಬರ್ತಿದ್ದೀವಿ. ಚಿತ್ರ ಅಲ್ಲೇ ಇರುತ್ತಾ? ಇವರದ್ದು ಬೇರೇನಾದ್ರೂ ನೋಡ್ಬಹುದಾ?

ಟೇಟ್ ತನ್ನ ಚಿತ್ರಗಳನ್ನು ಆಗಾಗ ಬದಲಿಸುತ್ತದೆ, ಬೇರೆ ಊರಿಗೆ ಎರವಲೂ ಕೊಡುತ್ತದೆ. ಹೊರಡುವ ಮೊದಲು ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಸಂಗ್ರಹ ನೋಡಲು ಟಿಕೆಟ್ ಇಲ್ಲ. ಪಿಮ್ಲಿಕೊ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಸಾಕು.

ಈ ಚಿತ್ರ ಸಿಗದಿದ್ದರೂ ಅದೇ ಕಟ್ಟಡದ ಉತ್ತರ ದಿಕ್ಕಿನ ಮೆಟ್ಟಿಲ ಹತ್ತಿರ ಹೋಗಿ. 2023ರಲ್ಲಿ ಒಫೀಲಿ ಅಲ್ಲಿ ಮೂರು ಗೋಡೆ ತುಂಬ 'ರೆಕ್ವಿಯಮ್' ಅನ್ನುವ ಭಿತ್ತಿಚಿತ್ರ ಮಾಡಿದ್ದಾರೆ. ಹತ್ತು ವರ್ಷ ಅಲ್ಲೇ ಇರುತ್ತದೆ ಅಂತ ಹೇಳಿದ್ದಾರೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರಲ್ಲ, ಅವರಿಗಾಗಿ ಬರೆದದ್ದು. ಆ ಬೆಂಕಿಯಲ್ಲಿ ತೀರಿಹೋದ ಯುವ ಕಲಾವಿದೆ ಖದೀಜಾ ಸೇ ಅದರ ನಡುವೆ ಇದ್ದಾಳೆ. ಲದ್ದಿ ಇಲ್ಲ, ಪಿನ್ನಿಲ್ಲ. 2005ರಲ್ಲಿ ಟ್ರಿನಿಡಾಡ್‌ಗೆ ಹೋಗಿ ನೆಲೆಸಿದ ಮೇಲೆ ಒಫೀಲಿಯ ಚಿತ್ರಗಳ ರೀತಿಯೇ ಬದಲಾಗಿದೆ. ಎಡಗಡೆಯ ಗೋಡೆಯಲ್ಲಿ ಒಬ್ಬ ಬಾಗಿ ನಿಂತಿದ್ದಾನೆ. ಅವನ ಕಣ್ಣೀರು ಕೆಳಗೆ ಇಳಿದು ಕಡಲಾಗಿದೆ. ಮೆಟ್ಟಿಲ ಮೇಲೆ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ.